ಹರಿಯುವ ನೀರಿಗೆ ಮೈಲಿಗೆ ಇಲ್ಲ, ಹರಿಯದಿದ್ದರೆ?

ಹುಣ್ಣಿಮೆ ದಿನ ಕೊಪ್ಪಳ ಜಿಲ್ಲೆಯ ಹುಲಿಗಿಗೆ ಬೆಳಿಗ್ಗೆ ಆರಕ್ಕೇ ಹೋದರೂ ತುಂಗಭದ್ರಾ ಹೊಳೆ ದಂಡೆಯಲ್ಲಿ ಕಾಲಿಡಲು ಜಾಗ ಸಿಗುವುದು ಕಷ್ಟ. ಮುನಿರಾಬಾದ್ ಸ್ಟೇಷನ್ನಿನಿಂದ, ಕೊಪ್ಪಳ-ಗಂಗಾವತಿ ಬಸ್ಸುಗಳಿಂದ, ಟ್ರ್ಯಾಕ್ಟರು, ಟಂಟಂಗಳಿಂದ ಇಳಿದವರಲ್ಲಿ ಬಹಳಷ್ಟು ಜನ ಮೊದಲು ಬರುವುದು ಗುಡಿಗಲ್ಲ, ಹೊಳೆಗೆ. ಮುಳುಗಿ ಎದ್ದು, ತಲೆಗೂದಲಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಹುಲಿಗೆಮ್ಮನ ದರ್ಶನದ ಪಾಳಿಗೆ ನಿಲ್ಲುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಬಸ್ ಟಿಕೆಟ್ ಚಿಂತೆ ತಪ್ಪಿದ ಮೇಲೆ ಹೆಣ್ಣುಮಕ್ಕಳ ಗದ್ದಲ ಕೇಳುವುದೇ ಬೇಡ.

ಕಳೆದ ಸಲ ಹೋದಾಗ ಯಲಬುರ್ಗಾ ಕಡೆಯ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ನನ್ನ ಪಕ್ಕದಲ್ಲೇ ಇದ್ದರು. ನೀರಿನ ಅಂಚಿನಲ್ಲಿ ಐದು ಪುಟ್ಟ ಕಲ್ಲು ಸಾಲಾಗಿ ಇಟ್ಟು, ಅರಿಶಿನ-ಕುಂಕುಮ ಹಚ್ಚಿ, ಹೋಳಿಗೆಯ ಒಂದು ತುಣುಕು ಮುಂದಿಟ್ಟು ಗಂಗವ್ವನಿಗೆ ಕೈ ಮುಗಿದರು. ಅಷ್ಟರಲ್ಲಿ ಮೊಮ್ಮಗಳು ಶಾಂಪೂ ಪಾಕೀಟನ್ನು ಹಲ್ಲಿನಿಂದ ಹರಿದು, ತಲೆಗೆ ಹಾಕಿಕೊಂಡು, ಖಾಲಿ ಪಾಕೀಟನ್ನು ಕೈ ಬಿಟ್ಟಳು. ಅದು ತೇಲಿಕೊಂಡು ಬಂದು ಆ ಐದು ಕಲ್ಲಿಗೇ ಅಂಟಿ ನಿಂತಿತು. ಅಜ್ಜಿ ಅದನ್ನು ಎರಡು ಬೆರಳಲ್ಲಿ ಎತ್ತಿ ಒಂದು ಮಾರು ಆಚೆ, ಮತ್ತೆ ನೀರಿಗೇ ಹಾಕಿದರು.

“ಅಮ್ಮಾ, ನೀರು ಹಿಂಗ ಹಸರಾಗ್ಯಾವಲ್ರಿ, ಮುಳುಗಿದ್ರ ಏನೂ ಆಗಂಗಿಲ್ಲೇನ್ರಿ?” ಎಂದು ಕೇಳಿದೆ.

“ಹರಿಯೋ ನೀರಿಗೆ ಎಲ್ಲಿ ಮೈಲಿಗಿ ತಮ್ಮಾ? ಹೊಳಿ ತಾಯಿ ಎಲ್ಲಾ ತೊಗೊಂಡು ಹೋಕ್ಕಾಳ” ಎಂದರು.

ಆಮೇಲೆ ಆ ಅಜ್ಜಿ ಎರಡು ಬಾಟಲಿ ತುಂಬಿಸಿಕೊಂಡರು. ಒಂದು ಹೊಳೆಯಲ್ಲಿ, ಮನೆಗೆ ಒಯ್ದು ದೇವರ ಮುಂದೆ ಇಡಲು, ಮನೆ ತುಂಬ ಚಿಮುಕಿಸಲು. ಇನ್ನೊಂದನ್ನು ಬಸ್ಸಿನಲ್ಲಿ ಕುಡಿಯಲು, ರಸ್ತೆ ಪಕ್ಕದ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿದರು. ಆ ಘಟಕದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಶುದ್ಧ ಕುಡಿಯುವ ನೀರು.

ಎರಡೂ ಶುದ್ಧವೇ. ಆದರೆ ಎರಡು ಬಾಟಲಿ ಅದಲು ಬದಲಾಗದಂತೆ ಅಜ್ಜಿ ಒಂದಕ್ಕೆ ಕೆಂಪು ದಾರ ಕಟ್ಟಿದ್ದರು. ನಮ್ಮ ಹೊಳೆಯ ಕಥೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಈಗ ಆ ಕೆಂಪು ದಾರವೇ ನೆನಪಿಗೆ ಬರುತ್ತದೆ.

ಮಡಿ ಬೇರೆ, ಸ್ವಚ್ಛ ಬೇರೆ

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ಆ ಅಜ್ಜಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಿದೆ. ಇಲ್ಲದಿದ್ದರೆ ದಾರ ಯಾಕೆ ಕಟ್ಟುತ್ತಿದ್ದರು?

ನಮ್ಮ ಮನೆಗಳಲ್ಲಿ ಮಡಿ ಮತ್ತು ಸ್ವಚ್ಛತೆ ಯಾವತ್ತೂ ಒಂದೇ ಆಗಿರಲಿಲ್ಲ. ಇಸ್ತ್ರಿ ಅಂಗಡಿಯಿಂದ ಗರಿಗರಿಯಾಗಿ ಬಂದ ಸೀರೆ ಸ್ವಚ್ಛ, ಆದರೆ ಮಡಿ ಅಲ್ಲ. ರಾತ್ರಿ ಹಿಂಡಿ ಗಳದ ಮೇಲೆ ಹರವಿದ, ಮುದ್ದೆಯಾದ, ಸ್ವಲ್ಪ ಮುಗ್ಗಲು ವಾಸನೆ ಬರುವ ಸೀರೆ ಮಡಿ. ಮಡಿ ಎನ್ನುವುದು ಯಾರು ಮುಟ್ಟಿದರು, ಯಾವಾಗ ಮುಟ್ಟಿದರು ಎಂಬ ಲೆಕ್ಕ. ಸ್ವಚ್ಛ ಎನ್ನುವುದು ಕೊಳೆ ಇದೆಯಾ ಇಲ್ಲವಾ ಎಂಬ ಲೆಕ್ಕ. ಹೊಳೆ ಸ್ನಾನ ಮೊದಲನೆಯ ಲೆಕ್ಕಕ್ಕೆ ಸೇರಿದ್ದು. ಪಾಪ, ಸೂತಕ, ಹರಕೆಯ ಭಾರ ಇವನ್ನು ಇಳಿಸಲು ಜನ ನೀರಿಗೆ ಇಳಿಯುತ್ತಾರೆ. ಮೈಯ ಮಣ್ಣು ತೊಳೆಯಲು ಮನೆಯ ಬಚ್ಚಲೇ ಸಾಕು.

ಹಳೆಯ ಶಾಸ್ತ್ರಗಳೂ ಹೀಗೇ ಬಿಡಿಸಿ ಹೇಳುತ್ತವೆ. ಸ್ನಾನದಲ್ಲಿ ಏಳು ಬಗೆ ಎಣಿಸುತ್ತಾರೆ. ನೀರಿನಲ್ಲಿ ಮುಳುಗುವುದು ವಾರುಣ. ಮೈಗೆ ಮಣ್ಣು ಹಚ್ಚಿಕೊಳ್ಳುವುದು, ವಿಭೂತಿ ಹಚ್ಚಿಕೊಳ್ಳುವುದು, ಹಸುಗಳ ಕಾಲಿನಿಂದ ಎದ್ದ ಧೂಳು ಮೈಮೇಲೆ ಬೀಳುವುದು, ಬಿಸಿಲು ಇರುವಾಗಲೇ ಬಿದ್ದ ಮಳೆಯಲ್ಲಿ ನೆನೆಯುವುದು, ಮಂತ್ರ ಹೇಳಿ ನೀರು ಚಿಮುಕಿಸಿಕೊಳ್ಳುವುದು ಎಲ್ಲವೂ ಸ್ನಾನವೇ. ಕಡೆಯದು ಮಾನಸ ಸ್ನಾನ, ಮನಸ್ಸಿನಲ್ಲೇ ದೇವರನ್ನು ನೆನೆಯುವುದು. ಅಂದರೆ ಕಾಯಿಲೆ ಬಿದ್ದವರು, ಮುದುಕರು, ಹೊಳೆಯಿಂದ ದೂರ ಇರುವವರು ಯಾರೂ ಪುಣ್ಯಕ್ಕೆ ಎರವಾಗುವುದಿಲ್ಲ. ಬಾವಿ ನೀರಿನ ಬಕೆಟ್ಟಿನ ಮುಂದೆ ನಿಂತು ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿಯರನ್ನು ಕರೆಯುವ ಶ್ಲೋಕ ಎಲ್ಲರಿಗೂ ಗೊತ್ತು. (ಆ ಏಳರಲ್ಲಿ ನಮ್ಮ ತುಂಗಭದ್ರೆಯೂ ಇಲ್ಲ, ಕೃಷ್ಣೆಯೂ ಇಲ್ಲ. ಈ ಭಾಗಕ್ಕೆ ಅನ್ಯಾಯ ಅನ್ನುವುದು ಆ ಕಾಲದಿಂದಲೇ ಇದ್ದ ಹಾಗಿದೆ!)

ಸ್ಕಂದಪುರಾಣದ ಕಾಶೀಖಂಡದಲ್ಲಿ ಇನ್ನೂ ಚುರುಕಾದ ಮಾತಿದೆ. ಜಲಚರಗಳು ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಸಾಯುತ್ತವೆ, ಆದರೂ ಸ್ವರ್ಗಕ್ಕೆ ಹೋಗುವುದಿಲ್ಲ, ಯಾಕೆಂದರೆ ಮನಸ್ಸಿನ ಕೊಳೆ ಹೋಗಿರುವುದಿಲ್ಲ ಎನ್ನುತ್ತದೆ ಅದು. ಸತ್ಯ ಒಂದು ತೀರ್ಥ, ಕ್ಷಮೆ ಒಂದು ತೀರ್ಥ ಎಂದು ಪಟ್ಟಿ ಕೊಡುತ್ತದೆ. ಕಲ್ಯಾಣದ ಶರಣರು ನೀರು ಕಂಡಲ್ಲೆಲ್ಲ ಮುಳುಗುವವರನ್ನು ಗೇಲಿ ಮಾಡಿದ್ದು, ದಾಸರು ಮೈ ಮಾತ್ರ ನೆನೆಸಿ ಬಂದವರನ್ನು ಕೆಣಕಿದ್ದು ಎಲ್ಲ ನಮಗೆ ಗೊತ್ತೇ ಇದೆ. ಆದರೆ ಆ ಗೇಲಿಯ ಬೀಜ ಪುರಾಣದ ಒಳಗೇ ಇತ್ತು ಎನ್ನುವುದನ್ನು ನಾವು ಜಾಸ್ತಿ ಹೇಳುವುದಿಲ್ಲ.

ಇನ್ನೊಂದು ವಿಷಯ. ನೀರಿನಲ್ಲಿ ಉಚ್ಚೆ ಹೊಯ್ಯಬಾರದು, ಹೇಲಬಾರದು, ಉಗುಳಬಾರದು ಎಂದು ತೈತ್ತಿರೀಯ ಆರಣ್ಯಕ, ಮನುಸ್ಮೃತಿ ಎರಡೂ ನೇರವಾಗಿ ಹೇಳಿವೆ. ಹರಿಯುವ ನೀರು ಮೈಲಿಗೆಯಾಗುವುದಿಲ್ಲ ಎಂಬ ನಂಬಿಕೆಯೂ ಇತ್ತು, ಹರಿಯುವ ನೀರನ್ನು ಕೆಡಿಸಬಾರದು ಎಂಬ ಕಟ್ಟಳೆಯೂ ಇತ್ತು. ಎರಡೂ ಜೋಡೆತ್ತಿನ ಹಾಗೆ ಇದ್ದವು. ಈಗ ಒಂದೇ ಎತ್ತು ಉಳಿದಿದೆ.

ಗೇಟು ಎತ್ತಿದರೆ ಹೊಳೆ

ಅಜ್ಜಿಯ ಮಾತನ್ನು ಮತ್ತೆ ನೋಡಿ. “ಹರಿಯೋ ನೀರಿಗೆ” ಎಂದರು. ಸುಮ್ನೆ ನೀರಿಗೆ ಎನ್ನಲಿಲ್ಲ. ನಂಬಿಕೆಯ ಒಳಗೇ ಒಂದು ಷರತ್ತು ಇದೆ. ನೀರು ಹರಿಯುತ್ತಿರಬೇಕು. ಆ ಷರತ್ತು ಈಗ ಉಳಿದಿದೆಯಾ?

ಗಂಗಾಮೂಲದಲ್ಲಿ ತುಂಗೆಯೂ ಭದ್ರೆಯೂ ಹುಟ್ಟಿ, ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಒಂದಾಗಿ, ಬಯಲುಸೀಮೆ ದಾಟಿ, ಆಂಧ್ರದ ಸಂಗಮೇಶ್ವರದ ಬಳಿ ಕೃಷ್ಣೆಗೆ ಸೇರುತ್ತವೆ. ಸಾವಿರಾರು ವರ್ಷ ಮಳೆಗಾಲದಲ್ಲಿ ಈ ಹೊಳೆ ಉಕ್ಕುತ್ತಿತ್ತು, ದಂಡೆಯ ಕಸವನ್ನೆಲ್ಲ ಗುಡಿಸಿಕೊಂಡು ಹೋಗುತ್ತಿತ್ತು. ಬೇಸಿಗೆಯಲ್ಲಿ ಸೊರಗುತ್ತಿತ್ತು, ಆದರೂ ಬಂಡೆಗಳ ನಡುವೆ ಹರಿಯುತ್ತಿತ್ತು. ಬಂಡೆಗೆ ಬಡಿದು ನೊರೆಯಾಗುವ ನೀರಿಗೆ ಗಾಳಿ ಬೆರೆಯುತ್ತದೆ. ಗಾಳಿ ಬೆರೆತ ನೀರಿನಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ಬೇಗ ತಿಂದು ಮುಗಿಸುತ್ತವೆ. ಹಾಗಾಗಿ “ಹರಿಯುವ ನೀರಿಗೆ ದೋಷವಿಲ್ಲ” ಎಂಬ ಮಾತು ಬರೀ ಭಕ್ತಿಯಲ್ಲ, ಕಣ್ಣಾರೆ ಕಂಡವರ ಮಾತು. ಊರು ಚಿಕ್ಕದಿದ್ದಾಗ, ಹೊಳೆ ದೊಡ್ಡದಿದ್ದಾಗ ಅದು ಸರಿಯಾಗಿಯೇ ಇತ್ತು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ನಮ್ಮ ಸೀಮೆಗೆ ಅನ್ನ ಕೊಟ್ಟಿದ್ದು ಅದೇ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತವೆಲ್ಲ ಅದರ ಋಣ. ಆದರೆ ಅವತ್ತಿನಿಂದ ಹೊಳೆ ಹರಿಯುವುದು 33 ಗೇಟುಗಳ ಮರ್ಜಿಯ ಮೇಲೆ. ನೀರು ಕಾಲುವೆಗೆ ಹೋಗುತ್ತದೆ, ಮಳೆ ಜಾಸ್ತಿಯಾದರೆ ಹೊಳೆಗೆ ಬರುತ್ತದೆ. ಬೇಸಿಗೆಯಲ್ಲಿ ಹುಲಿಗಿಯಿಂದ ಕೆಳಗೆ ಕಂಪ್ಲಿ, ಸಿರುಗುಪ್ಪದವರೆಗೆ ನೋಡಿದರೆ ಹಲವು ಕಡೆ ಹೊಳೆ ಇಲ್ಲ, ಬಂಡೆಗಳ ನಡುವೆ ಮಡುಗಳಿವೆ. ಅಲ್ಲಿ ನೀರು ನಿಂತಿದೆ. ಜನ ಅದರಲ್ಲೇ ಮುಳುಗುತ್ತಾರೆ.

ಇದರ ಅತ್ಯಂತ ಚೆಂದದ, ಒಂದು ರೀತಿಯಲ್ಲಿ ನಗು ಬರಿಸುವ ಉದಾಹರಣೆ ಮೈಲಾರದ್ದು. ಹೂವಿನಹಡಗಲಿ ತಾಲ್ಲೂಕಿನ ಮೈಲಾರ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರಕ್ಕೆ ಸೇರಿದೆ. ಫೆಬ್ರುವರಿ ಹೊತ್ತಿಗೆ ಅಲ್ಲಿ ಮೈಲಾರಲಿಂಗನ ಜಾತ್ರೆ, ಭವಿಷ್ಯ ನುಡಿಯುವ ಕಾರ್ಣಿಕ. ಲಕ್ಷಗಟ್ಟಲೆ ಜನ ತುಂಗಭದ್ರೆಯಲ್ಲಿ ಮೀಯಬೇಕು. ಹೊಳೆಯಲ್ಲಿ ನೀರು ಸಾಲದು. ಆಗ ಮೇಲಿನ ಭದ್ರಾ ಜಲಾಶಯದಿಂದ ಜಾತ್ರೆಗೆಂದೇ ನೀರು ಬಿಡಲಾಗುತ್ತದೆ. ಪತ್ರ ವ್ಯವಹಾರ ನಡೆಯುತ್ತದೆ, ಆದೇಶ ಹೊರಡುತ್ತದೆ, ಎಷ್ಟು ಕ್ಯೂಸೆಕ್, ಎಷ್ಟು ದಿನ ಎಂದು ತೀರ್ಮಾನವಾಗುತ್ತದೆ. ಪಂಚಾಂಗದವರು ತಿಥಿ ಹೇಳಿದರೆ ಸಾಲದು, ಎಂಜಿನಿಯರ್ ಸಹಿಯೂ ಬೇಕು. ನಾನು ಇದನ್ನು ತಪ್ಪು ಎನ್ನುತ್ತಿಲ್ಲ. ಹೊಳೆಗೆ ಅದರದ್ದೇ ನೀರು ಬಿಡಲು ಜಾತ್ರೆಯ ನೆಪವಾದರೂ ಬೇಕಾಯಿತಲ್ಲ ಎನ್ನುತ್ತಿದ್ದೇನೆ, ಅಷ್ಟೇ. ಮೀನಿಗೆ, ನೀರುನಾಯಿಗೆ ಯಾರು ಪತ್ರ ಬರೆಯಬೇಕು?

ನೀರುನಾಯಿ ಸುಮ್ನೆ ಹೇಳಿದ್ದಲ್ಲ. ಕೊಪ್ಪಳದ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದೆ. ಹಂಪಿಯ ಚಕ್ರತೀರ್ಥ, ಆನೆಗೊಂದಿ ಎಲ್ಲ ಈ ಉದ್ದದಲ್ಲೇ ಬರುತ್ತವೆ. ಮೀನು ಇದ್ದರೆ ನೀರುನಾಯಿ, ಉಸಿರಾಡುವ ನೀರಿದ್ದರೆ ಮೀನು. ಹರಿಗೋಲು ಹಾಕುವ ಅಂಬಿಗರನ್ನು ಕೇಳಿ ನೋಡಿ. ನೀರು ಹೇಗಿದೆ ಎಂದು ಅವರು ಹೇಳುವಷ್ಟು ಬೇಗ ಲ್ಯಾಬ್ ಕೂಡ ಹೇಳುವುದಿಲ್ಲ.

ಇನ್ನು ಹಸಿರು ಬಣ್ಣ. ಕೆಲವು ವರ್ಷಗಳಿಂದ ಜಲಾಶಯದ ಹಿನ್ನೀರು ಹಸಿರಾಗುವುದು, ಪತ್ರಿಕೆಯಲ್ಲಿ ಫೋಟೊ ಬರುವುದು ವಾಡಿಕೆಯೇ ಆಗಿಬಿಟ್ಟಿದೆ. ಅದು ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾ. ಅದು ಬೆಳೆಯಲು ಮೂರು ಬೇಕು: ನಿಂತ ನೀರು, ಬಿಸಿಲು, ಗೊಬ್ಬರ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ನಿಂತ ನೀರನ್ನು ಅಣೆಕಟ್ಟು ಕೊಟ್ಟಿದೆ. ಮೇಲಿನ ಹೊಲಗಳ ಯೂರಿಯಾ, ಡಿಎಪಿ ಮಳೆಯಲ್ಲಿ ತೊಳೆದು ಬರುತ್ತದೆ. ಶಿವಮೊಗ್ಗ, ಭದ್ರಾವತಿ, ದಾವಣಗೆರೆ, ಹರಿಹರದ ಕಡೆಯಿಂದ ಚರಂಡಿ ನೀರು ಬರುತ್ತದೆ. ಅದರಲ್ಲೂ ಸಾರಜನಕ, ರಂಜಕ ಇದ್ದೇ ಇರುತ್ತದೆ. ಪಾಚಿಗೆ ಅದು ಹಬ್ಬದೂಟ. ಈ ಜಾತಿಯ ಕೆಲವು ಪಾಚಿಗಳು ಯಕೃತ್ತಿಗೆ ತೊಂದರೆ ಕೊಡುವ ವಿಷ ಬಿಡುತ್ತವೆ. ಕುದಿಸಿದರೆ ಪಾಚಿ ಸಾಯಬಹುದು, ಆ ವಿಷ ಹೋಗುವುದಿಲ್ಲ.

ಜಲಾಶಯದಲ್ಲಿ ಹೂಳೂ ತುಂಬಿದೆ. 133 ಟಿಎಂಸಿ ಹಿಡಿಯಬೇಕಿದ್ದದ್ದು ಈಗ 105.788 ಟಿಎಂಸಿ. ನೀರು ಕಡಿಮೆಯಾದಷ್ಟೂ ಅದರೊಳಗಿನ ಕೊಳೆ ದಟ್ಟವಾಗುತ್ತದೆ, ಕೆಳಗೆ ಹೊಳೆಗೆ ಬಿಡಲು ಮನಸ್ಸೂ ಬರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಿತ್ತು ಗೇಟು ಕೊಚ್ಚಿಹೋದಾಗ ಒಂದು ವಾರ ಹೊಳೆ ಹಳೆಯ ಕಾಲದ ಹಾಗೆ ಭೋರ್ಗರೆಯಿತು. ರೈತರ ಎದೆ ಒಡೆದುಹೋಗಿತ್ತು, ನಮಗೂ ನಿದ್ದೆ ಇರಲಿಲ್ಲ. ಆದರೂ ಆ ವಾರ ಸೇತುವೆ ಮೇಲೆ ನಿಂತು ನೋಡುತ್ತಿದ್ದ ಒಬ್ಬ ಹಿರಿಯರು “ಹೊಳಿ ಅಂದ್ರ ಹಿಂಗಿತ್ತು ನೋಡ್ರಿ” ಎಂದದ್ದು ಮರೆಯಲು ಆಗಿಲ್ಲ. ಅವರ ಹೊಲವೂ ಕಾಲುವೆ ಕೆಳಗೇ ಇತ್ತು.

ಅರ್ಧ ಲೋಟದ ಲೆಕ್ಕ

ನೀರು ಸ್ನಾನಕ್ಕೆ ಯೋಗ್ಯವೋ ಅಲ್ಲವೋ ಎಂದು ಹೇಳಲು ಸರ್ಕಾರದ ಬಳಿ ಒಂದು ಅಳತೆ ಇದೆ. ಅದರಲ್ಲಿ ಎರಡು ಸಂಖ್ಯೆ ಮುಖ್ಯ.

ಮೊದಲನೆಯದು ಮಲದ ಕೋಲಿಫಾರ್ಮ್. ಇದು ಮನುಷ್ಯರ, ದನಕರುಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ನೀರಿನಲ್ಲಿ ಇದು ಸಿಕ್ಕಿತು ಅಂದರೆ ಆ ನೀರಿಗೆ ಮಲ ಸೇರಿದೆ ಎಂದೇ ಅರ್ಥ. 100 ಮಿಲಿ ಲೀಟರಿಗೆ, ಅಂದರೆ ಸುಮಾರು ಅರ್ಧ ಲೋಟಕ್ಕೆ, 500ರ ಒಳಗಿದ್ದರೆ ಒಳ್ಳೆಯದು, 2,500 ದಾಟಲೇಬಾರದು. ಎರಡನೆಯದು ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬ ಲೆಕ್ಕ ಅದು. ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಕೊಳೆ ಜಾಸ್ತಿಯಾದಷ್ಟೂ ಅವು ಉಸಿರು ಜಾಸ್ತಿ ಎಳೆಯುತ್ತವೆ, ಮೀನಿಗೆ ಉಸಿರು ಸಾಲುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಭಾಗಗಳನ್ನು ಗುರುತಿಸಿದಾಗ ಕರ್ನಾಟಕದ 17 ಇದ್ದವು. ತುಂಗೆ, ಭದ್ರೆ, ತುಂಗಭದ್ರೆ ಮೂರೂ ಆ ಪಟ್ಟಿಯಲ್ಲಿದ್ದವು. ಕೃಷ್ಣೆಯೂ ಇದ್ದಳು.

ಈ ಲೆಕ್ಕ ಎಷ್ಟು ಬಿಸಿಯಾಗಬಹುದು ಎಂದು 2025ರ ಮಹಾಕುಂಭದಲ್ಲಿ ನೋಡಿದೆವು. ನಮ್ಮ ಕಡೆಯಿಂದಲೂ ಜನ ರೈಲು, ಟೆಂಪೋ ಹಿಡಿದು ಪ್ರಯಾಗರಾಜಕ್ಕೆ ಹೋಗಿ ಬಂದರು, ಓಣಿಗೆಲ್ಲ ಗಂಗಾಜಲ ಹಂಚಿದರು. ಫೆಬ್ರುವರಿಯಲ್ಲಿ ಕೇಂದ್ರ ಮಾಲಿನ್ಯ ಮಂಡಳಿಯ ವರದಿ, ಪರಿಸರದ ಮೊಕದ್ದಮೆ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ಬೇರೆ ಬೇರೆ ದಿನ ತೆಗೆದ ಮಾದರಿಗಳಲ್ಲಿ ಕೋಲಿಫಾರ್ಮ್ ಮಿತಿ ಮೀರಿದೆ ಎಂದಿತು. ನೀರು ಆಚಮನಕ್ಕೂ ಯೋಗ್ಯ ಎಂದು ಅಲ್ಲಿನ ಮುಖ್ಯಮಂತ್ರಿ ವಿಧಾನಸಭೆಯಲ್ಲಿ ಹೇಳಿದರು. ಆಮೇಲೆ ಅದೇ ಮಾಲಿನ್ಯ ಮಂಡಳಿ, ಜಾಗದಿಂದ ಜಾಗಕ್ಕೆ, ದಿನದಿಂದ ದಿನಕ್ಕೆ ಸಂಖ್ಯೆ ಬದಲಾಗುತ್ತದೆ, ಒಟ್ಟು ಲೆಕ್ಕ ಹಾಕಿದರೆ ಸ್ನಾನಕ್ಕೆ ಅಡ್ಡಿಯಿಲ್ಲ ಎಂದು ಇನ್ನೊಂದು ವರದಿ ಕೊಟ್ಟಿತು. ಟಿವಿಯಲ್ಲಿ ಇದು ಆಸ್ತಿಕ-ನಾಸ್ತಿಕ ಜಗಳವಾಗಿ ಮುಗಿಯಿತು. ನನಗೆ ಬೇಜಾರಾಗಿದ್ದು ಅಲ್ಲೇ. ಮುಳುಗುವವರೇ ಈ ಪ್ರಶ್ನೆ ಕೇಳಬೇಕಿತ್ತು. ಹೊಟ್ಟೆನೋವು, ಕಜ್ಜಿ ಬರುವುದು ಅವರಿಗೆ ತಾನೇ.

ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆ ಒಂದು ಸೂಚನೆ ಕೊಟ್ಟರು. ತೀರ್ಥಕ್ಷೇತ್ರಗಳ ನದಿ, ಕೆರೆ, ಕಲ್ಯಾಣಿಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು. ಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ನೀರಿಗೆ ಬಿಡುವುದನ್ನು ತಡೆಯಬೇಕು. ಒಳ್ಳೆಯದೇ. ನಮ್ಮಲ್ಲಿ ಸಂಕ್ರಾಂತಿಗೆ ಹೊಳೆಗೆ ಹೋಗುವಾಗ ಎಳ್ಳು-ಅರಿಶಿನ ಅರೆದು ಒಯ್ಯುತ್ತಿದ್ದೆವು. ಅದನ್ನು ಮೈಗೆ ಹಚ್ಚಿ ಮಿಂದು, ದಂಡೆಯ ಮೇಲೆ ಕೂತು ಸಜ್ಜೆ ರೊಟ್ಟಿ, ಬದನೆಕಾಯಿ, ಶೇಂಗಾ ಹೋಳಿಗೆ ತಿಂದು ಬರುತ್ತಿದ್ದೆವು. ಎಳ್ಳಿನ ಹಿಂಡಿಯನ್ನು ಮೀನು ತಿನ್ನುತ್ತಿದ್ದವು. ಪಾಕೀಟು ಬಂದದ್ದು ಆಮೇಲೆ.

ಆದರೆ ಲೆಕ್ಕ ಹಾಕೋಣ. ಒಂದು ಶಾಂಪೂ ಪಾಕೀಟಿನಲ್ಲಿ ಸುಮಾರು 6 ಮಿಲಿ ಲೀಟರ್. ಒಂದು ಲಕ್ಷ ಜನ ತಲೆಗೊಂದರಂತೆ ಹಾಕಿದರೆ 600 ಲೀಟರ್. ಇನ್ನೊಂದು ಕಡೆ, ಒಂದು ಲಕ್ಷ ಜನಸಂಖ್ಯೆಯ ಊರು. ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಎನ್ನುವುದು ನಗರ ನೀರು ಸರಬರಾಜಿನ ಲೆಕ್ಕ. ಅದರಲ್ಲಿ ನೂರಕ್ಕೆ 80 ಭಾಗ ಚರಂಡಿಗೆ ಬರುತ್ತದೆ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ಅಂದರೆ ದಿನಕ್ಕೆ ಒಂದು ಕೋಟಿ ಲೀಟರಿಗೂ ಹೆಚ್ಚು ಕೊಳಚೆ. ಜಾತ್ರೆ ವರ್ಷಕ್ಕೊಮ್ಮೆ, ಹುಣ್ಣಿಮೆ ತಿಂಗಳಿಗೊಮ್ಮೆ. ಚರಂಡಿಗೆ ರಜೆ ಇಲ್ಲ. ಶಾಂಪೂ ಗಟ್ಟಿ ರಾಸಾಯನಿಕ, ಚರಂಡಿ ನೀರು ತೆಳು, ಎರಡನ್ನೂ ಲೀಟರಿನಲ್ಲಿ ಅಳೆದು ಹೋಲಿಸುವುದು ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಆದರೂ ಭಕ್ತರ ಕೈಯ ಪಾಕೀಟನ್ನು ಕಿತ್ತುಕೊಂಡು, ಊರಿನ ಚರಂಡಿ ಬಾಯಿಯನ್ನು ಹಾಗೇ ಬಿಟ್ಟರೆ ಯಾರನ್ನು ತಿದ್ದಿದಂತಾಯಿತು? ಅಂಗಡಿಯವನಿಗೆ ದಂಡ ಹಾಕುವುದು ಸುಲಭ. ಶುದ್ಧೀಕರಣ ಘಟಕವನ್ನು ದಿನಾ ಓಡಿಸುವುದು, ಕರೆಂಟ್ ಬಿಲ್ ಕಟ್ಟುವುದು, ಒಳಚರಂಡಿಯನ್ನು ಮನೆಮನೆಗೆ ಜೋಡಿಸುವುದು ಕಷ್ಟ. ಅದಕ್ಕೆ ಫೋಟೊ ಕೂಡ ಚೆನ್ನಾಗಿ ಬರುವುದಿಲ್ಲ.

ಕಾರ್ಖಾನೆಗಳ ವಿಷಯ ಹೊಸದಲ್ಲ. 1980ರ ದಶಕದಲ್ಲೇ ಹರಿಹರದ ಕೆಳಗೆ ಮೀನು ಸತ್ತು ತೇಲಿದಾಗ ದಂಡೆಯ ಹಳ್ಳಿಗಳು ಎದ್ದು ನಿಂತಿದ್ದವು. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಎರಡು ಹಂತದಲ್ಲಿ ನಮ್ಮ ಕಿಷ್ಕಿಂಧೆಯವರೆಗೆ ನಡೆದು ಬಂತು. ನಡೆದವರಿಗೆ ನಮಸ್ಕಾರ. ಆದರೆ ನಡಿಗೆ ಮುಗಿದ ಮರುದಿನ ಚರಂಡಿ ಎಲ್ಲಿ ಹರಿಯುತ್ತಿತ್ತೋ ಅಲ್ಲೇ ಹರಿಯುತ್ತಿತ್ತು.

“ತುಂಗಾ ಪಾನ, ಗಂಗಾ ಸ್ನಾನ” ಎಂಬ ಗಾದೆ ನಮ್ಮದು. ಗಂಗೆಯಲ್ಲಿ ಮೀಯಬೇಕು, ತುಂಗೆಯನ್ನು ಕುಡಿಯಬೇಕು. ನಾವು ಕುಡಿಯುತ್ತಲೂ ಇದ್ದೇವೆ. ಬಳ್ಳಾರಿ ನಗರದ ಅಲ್ಲೀಪುರ ಕೆರೆಗೆ ಕಾಲುವೆಯಲ್ಲಿ ಬರುವುದು ಇದೇ ನೀರು. ರಾಯಚೂರಿಗೆ ಕೃಷ್ಣೆಯೂ ಬೇಕು, ತುಂಗಭದ್ರೆಯೂ ಬೇಕು. 2022ರ ಬೇಸಿಗೆಯಲ್ಲಿ ಅದೇ ರಾಯಚೂರು ನಗರದಲ್ಲಿ ನಲ್ಲಿಯ ಕೊಳಕು ನೀರು ಕುಡಿದು ವಾಂತಿ-ಭೇದಿಯಿಂದ ಜನ ಸತ್ತರು. ಎರಡು ಹೊಳೆಗಳ ನಡುವಿನ ನಾಡು ನಮ್ಮದು, ರಾಯಚೂರು ದೋಆಬ್ ಎಂದು ಇತಿಹಾಸದಲ್ಲಿ ಓದಿದ್ದೇವೆ. ರಾಜರು ಇದಕ್ಕಾಗಿ ನೂರಾರು ವರ್ಷ ಬಡಿದಾಡಿದರು. ಅಂಥ ಊರಲ್ಲಿ ಜನ ನೀರು ಕುಡಿದು ಸಾಯುವುದು ಅಂದರೆ ಏನು ಹೇಳುವುದು.

ಮೈಲಿಗೆ ಯಾರಿಗೆ?

ಈ ವಿಷಯ ಬರೆಯುವಾಗ ಒಂದು ಮಾತು ಬಿಟ್ಟರೆ ಮೋಸವಾಗುತ್ತದೆ. ಹೊಳೆಗೆ ಮೈಲಿಗೆ ಇಲ್ಲ ಎಂದ ಸಮಾಜ ಮನುಷ್ಯರಿಗೆ ಮೈಲಿಗೆ ಇದೆ ಎಂದಿತು. ಊರಿನ ಎಲ್ಲ ಹೊಲಸನ್ನು ಹೊತ್ತ ನೀರು ತೀರ್ಥವಾಯಿತು. ಆ ಹೊಲಸನ್ನು ಬಳಿದವರ ನೆರಳು ಮಾತ್ರ ಬಾವಿಗೆ ಬೀಳಬಾರದಾಯಿತು.

ಹಳೇ ಕಾಲದ ಮಾತು ಅನ್ನಬೇಡಿ. 2021ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಒಂದು ದಲಿತ ಮನೆಯ ಮಗು, ಎರಡು ವರ್ಷದ್ದು, ಹುಟ್ಟುಹಬ್ಬದ ದಿನ ಗುಡಿಯೊಳಗೆ ಓಡಿಬಿಟ್ಟಿತು. ಹೊರಗೆ ಮಳೆ ಬರುತ್ತಿತ್ತು. ಗುಡಿಯ ಶುದ್ಧೀಕರಣಕ್ಕೆಂದು ಆ ಮನೆಯವರಿಗೆ 25 ಸಾವಿರ ರೂಪಾಯಿ ದಂಡ ಹೇಳಲಾಯಿತು. ವಿಷಯ ಹೊರಬಂದು ಪೊಲೀಸರು ಐವರನ್ನು ಬಂಧಿಸಿದರು. ಶುದ್ಧಿ ಎಂಬ ಪದ ನಮ್ಮಲ್ಲಿ ಏನೇನು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ. ನಗರಸಭೆಯ ಚರಂಡಿ ಹೊಳೆಗೆ ಸೇರಿದ್ದಕ್ಕೆ ಶುದ್ಧೀಕರಣದ ದಂಡ ಎಂದು ಊರ ಹಿರಿಯರು ಪಂಚಾಯ್ತಿ ಸೇರಿಸಿದ್ದನ್ನು ನಾನಂತೂ ಕೇಳಿಲ್ಲ.

ಹಾಗಂತ ಭಕ್ತಿಯಿಂದ ನೀರು ಸ್ವಚ್ಛ ಆಗುವುದೇ ಇಲ್ಲವಾ? ಆಗುತ್ತದೆ. ಅದಕ್ಕೆ ಸಾಕ್ಷಿಯೂ ಕೊಪ್ಪಳದಲ್ಲೇ ಇದೆ. ಹಿರೇಹಳ್ಳ ತುಂಗಭದ್ರೆಗೆ ಸೇರುವ ಹಳ್ಳ. ಅದಕ್ಕೆ ಹನ್ನೆರಡು ವರ್ಷಕ್ಕೊಮ್ಮೆ ಬರುವ ಪುಷ್ಕರ ಸ್ನಾನವಿಲ್ಲ, ಪುರಾಣವಿಲ್ಲ, ಅದರಲ್ಲಿ ಮಿಂದರೆ ಪುಣ್ಯ ಬರುತ್ತದೆ ಎಂದು ಯಾರೂ ಹೇಳಿಲ್ಲ. ಜಾಲಿ ಬೆಳೆದು, ಹೂಳು ಕಟ್ಟಿ, ಕಸದ ಗುಂಡಿಯಾಗಿತ್ತು. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಹಳ್ಳಕ್ಕೆ ಇಳಿದರು. ದಂಡೆಯ ಹಳ್ಳಿಗಳ ಜನ ಜೆಸಿಬಿ, ಟ್ರ್ಯಾಕ್ಟರ್, ಡೀಸೆಲ್, ರೊಟ್ಟಿ ಹಿಡಿದು ಹಿಂದೆ ಬಂದರು. 20 ಕಿಲೋಮೀಟರಿಗೂ ಹೆಚ್ಚು ಉದ್ದ ಹಳ್ಳ ಬಯಲಾಯಿತು, ಮಳೆ ಬಂದಾಗ ಹರಿಯಿತು. ಪವಿತ್ರ ಅಲ್ಲದ ಹಳ್ಳವನ್ನು ಜನ ಭಕ್ತಿಯಿಂದ ಬಳಿದರು. ಪವಿತ್ರವಾದ ಹೊಳೆಯನ್ನು ಮಾತ್ರ, ಅವಳು ತಾಯಿ, ತಾನೇ ನೋಡಿಕೊಳ್ಳುತ್ತಾಳೆ ಎಂದು ಬಿಟ್ಟಿದ್ದೇವೆ. ಮನೆಯಲ್ಲೂ ತಾಯಿಯ ಪಾಡು ಇದೇ ಅಲ್ವಾ?

ಪುಷ್ಕರದ ಲೆಕ್ಕ ಹೀಗಿದೆ. ಗುರು ಒಂದೊಂದು ರಾಶಿಗೆ ಬಂದಾಗ ಒಂದೊಂದು ನದಿಗೆ ಪುಷ್ಕರ, ಮೊದಲ 12 ದಿನ ಮುಖ್ಯ. ಕನ್ಯಾ ರಾಶಿಗೆ ಬಂದರೆ ಕೃಷ್ಣೆಗೆ, ಮಕರಕ್ಕೆ ಬಂದರೆ ತುಂಗಭದ್ರೆಗೆ. ಕೃಷ್ಣಾ ಪುಷ್ಕರ 2016ರ ಆಗಸ್ಟ್‌ನಲ್ಲಿ ಆಗಿತ್ತು, ತುಂಗಭದ್ರೆಯದು 2020ರ ನವೆಂಬರ್‌ನಲ್ಲಿ, ಕೊರೊನಾ ಕಾಲದಲ್ಲಿ ಬಂತು. ಹನ್ನೆರಡು ವರ್ಷಕ್ಕೊಮ್ಮೆ ಅಂದರೆ 2028ಕ್ಕೆ ರಾಯಚೂರು ಜಿಲ್ಲೆಯ ಕುರವಪುರ, ದೇವಸೂಗೂರು ಕಡೆ ಜನ ನೆರೆಯುತ್ತಾರೆ. 2032ಕ್ಕೆ ನಮ್ಮ ಸರದಿ. ಆ ಹೊತ್ತಿಗೆ ಹೊಸ ಮೆಟ್ಟಿಲು, ಬಟ್ಟೆ ಬದಲಿಸುವ ಕೋಣೆ, ಸ್ವಾಗತ ಕಮಾನು ಎಲ್ಲಕ್ಕೂ ದುಡ್ಡು ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆ ದುಡ್ಡಿನಲ್ಲಿ ಒಂದಿಷ್ಟನ್ನು ಮೇಲಿನ ಊರಿನ ಚರಂಡಿಗೆ ಹಾಕಿ ಎಂದು ಕೇಳುವ ಹಕ್ಕು ಮುಳುಗುವವರಿಗೇ ಇದೆ. ಕಾಲುವೆಗೆ ಇಷ್ಟು ಟಿಎಂಸಿ ಎಂದು ಹಂಚುವ ಹಾಗೆ ಹೊಳೆಗೂ ಇಷ್ಟು ಎಂದು ವರ್ಷವಿಡೀ ಬರೆದಿಡಿ ಎಂದು ಕೇಳುವ ಹಕ್ಕೂ ಅವರಿಗಿದೆ. ಜಾತ್ರೆಗೆ ಬಿಡುವ ನೀರನ್ನು ಇನ್ನುಳಿದ ದಿನವೂ ಸ್ವಲ್ಪ ಸ್ವಲ್ಪ ಬಿಡಿ ಎಂದಷ್ಟೇ. ಮಠಗಳು ಕೇಳಿದರೆ ಇನ್ನೂ ಬೇಗ ಆಗುತ್ತದೆ. ಪರಿಸರದವರು ಬರೆದ ಮನವಿಗೆ ಸ್ವೀಕೃತಿ ಮುದ್ರೆ ಬೀಳುತ್ತದೆ. ಸ್ವಾಮಿಗಳು ಫೋನ್ ಮಾಡಿದರೆ ಅಧಿಕಾರಿ ಎದ್ದು ನಿಲ್ಲುತ್ತಾರೆ.

ಇನ್ನೊಂದು ಪುಟ್ಟ ಕೆಲಸ ಇದೆ, ಅದಕ್ಕೆ ಪುಷ್ಕರದವರೆಗೆ ಕಾಯಬೇಕಿಲ್ಲ. ಹೊಳೆ ದಂಡೆಗಳಲ್ಲಿ “ನೀರು ಆಳವಿದೆ, ಎಚ್ಚರಿಕೆ” ಎಂಬ ಬೋರ್ಡು ಇರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಕಪ್ಪು ಹಲಗೆ ಹಾಕಿ, ಆ ತಿಂಗಳ ಪರೀಕ್ಷೆಯಲ್ಲಿ ಅರ್ಧ ಲೋಟ ನೀರಿಗೆ ಬಂದ ಸಂಖ್ಯೆಯನ್ನು ಸುಣ್ಣದ ಕಡ್ಡಿಯಲ್ಲಿ ಬರೆದರೆ ಸಾಕು. ಕೆಳಗೆ ಮಿತಿ 2,500 ಎಂದು ಇರಲಿ. ಓದು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳುತ್ತಾಳೆ. ಮುಳುಗುವುದು ಬಿಡುವುದು ಆಮೇಲೆ ಅವರಿಗೆ ಸೇರಿದ್ದು.

ಅವತ್ತು ಹುಲಿಗಿಯಿಂದ ವಾಪಸ್ ಬರುವಾಗ ಅದೇ ಅಜ್ಜಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದರು. ಮೊಮ್ಮಗಳಿಗೆ ಬಾಯಾರಿಕೆ. ಕತ್ತಲೆಯಲ್ಲಿ ಚೀಲಕ್ಕೆ ಕೈ ಹಾಕಿ ಒಂದು ಬಾಟಲಿ ತೆಗೆದಳು. ಅಜ್ಜಿ ಕೈಯಿಂದ ಅದರ ಕುತ್ತಿಗೆ ಸವರಿ ನೋಡಿದರು. ದಾರ ಸಿಕ್ಕಿತು.

“ಅದಲ್ಲ, ಇನ್ನೊಂದು ಕುಡಿ” ಎಂದರು.